ಉಚಿತ ವಕೀಲರು ನಿಜವಾಗಿ ಸಿಗುತ್ತಾರಾ? ಆಯಿಯ ಪಾಲಿನ ಗಜನಿ ಜಮೀನಿನ ಬಗ್ಗೆ ಸಲಹೆ ಬೇಕು

ಗಜನಿ ಮಗಳು · ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಾನು ಕುಮಟಾ ತಾಲೂಕಿನವಳು. ಅಘನಾಶಿನಿ ಹೊಳೆ ದಂಡೆಯಲ್ಲಿ ನಮ್ಮ ಮನೆ. ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಆಯಿ, ಅಂದರೆ ನನ್ನ ಅಮ್ಮ, ಇಳಿತದ ಹೊತ್ತಿಗೆ ಹೊಳೆಗಿಳಿದು ಬಳಚು (ಚಿಪ್ಪುಮೀನು) ಹೆಕ್ಕಿ ಮಾರುತ್ತಾಳೆ. ಆ ದುಡ್ಡು, ನನ್ನ ಸಂಬಳ, ಇಷ್ಟರಲ್ಲೇ ಮನೆ ನಡೆಯುವುದು.

ವಿಷಯ ಇದು. ಅಜ್ಜನ ಹೆಸರಲ್ಲಿ ಒಂದು ಎಕರೆ ಚಿಲ್ಲರೆ ಗಜನಿ ಜಮೀನು, ಅಂದರೆ ಹೊಳೆಯ ಉಪ್ಪುನೀರು ನುಗ್ಗುವ ತಗ್ಗು ಗದ್ದೆ, ಇತ್ತು. ಮೊದಲು ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುತ್ತಿದ್ದರಂತೆ. ಅಜ್ಜನಿಗೆ ಮೂವರು ಗಂಡು ಮಕ್ಕಳು. ನನ್ನ ಅಪ್ಪ ನಡುವಿನವರು. ನನಗೆ ಏಳು ವರ್ಷ ಇದ್ದಾಗ ಅಪ್ಪ ತೀರಿಕೊಂಡರು. ಅಜ್ಜ ಹೋಗಿದ್ದು ಅದಾಗಿ ನಾಲ್ಕು ವರ್ಷಕ್ಕೆ. ಆಮೇಲೆ ದೊಡ್ಡಪ್ಪ, ಚಿಕ್ಕಪ್ಪ ಸೇರಿ ಪಹಣಿಗೆ ತಮ್ಮಿಬ್ಬರ ಹೆಸರು ಹಾಕಿಸಿಕೊಂಡಿದ್ದಾರೆ. ಆಗ ಕೊಟ್ಟ ವಂಶವೃಕ್ಷದ ಪ್ರತಿ ಮೊನ್ನೆ ನನ್ನ ಕೈಗೆ ಸಿಕ್ಕಿತು. ಅಜ್ಜನ ಹೆಸರಿನ ಕೆಳಗೆ ಎರಡೇ ಗೆರೆ. ಅಪ್ಪನ ಹೆಸರೇ ಇಲ್ಲ. ಆ ಕಾಗದದ ಪ್ರಕಾರ ನನ್ನ ಅಪ್ಪ ಹುಟ್ಟಲೇ ಇಲ್ಲ. ಅದನ್ನು ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗ ಸಿಗಡಿ ಸಾಕುವವರಿಗೆ ಆ ಜಾಗ ಕೊಡುವ ಮಾತು ನಡೆದಿದೆ. ಮಾರಿಯೇ ಬಿಡುತ್ತಾರೆ ಅಂತಲೂ ಕೇಳಿದೆ. ಪಹಣಿ ಸರಿ ಮಾಡಿಸಿಕೊಡುತ್ತೇನೆ ಅಂತ ಒಬ್ಬ ಏಜೆಂಟ್ ನಮ್ಮಿಂದ 8,000 ರೂಪಾಯಿ ತಗೊಂಡ. ಈಗ ಫೋನ್ ಎತ್ತುವುದಿಲ್ಲ. ವಕೀಲರೊಬ್ಬರನ್ನು ಕೇಳಿದರೆ ಕೇಸು ಹಾಕುವುದಕ್ಕೇ 25,000 ಬೇಕು ಎಂದರು. ಅವರದ್ದು ತಪ್ಪು ಅಂತ ಹೇಳುತ್ತಿಲ್ಲ, ನಮ್ಮ ಹತ್ತಿರ ಅಷ್ಟಿಲ್ಲ.

ಕೋರ್ಟಿನಲ್ಲಿ ಬಡವರಿಗೆ ಉಚಿತ ವಕೀಲರು ಸಿಗುತ್ತಾರೆ ಅಂತ ಅಂಗಡಿಯ ಗೆಳತಿ ಹೇಳಿದಳು. ನಿಜವಾಗಿ ಸಿಗುತ್ತಾರಾ? ಅಥವಾ ಅಲ್ಲೂ ಕೈಬಿಸಿ ಮಾಡಬೇಕಾ? ಇನ್ನೊಂದು ಹೆದರಿಕೆ ಇದೆ. ಹತ್ತು ವರ್ಷದ ಹಿಂದೆ ರೇಷನ್ ಕಾರ್ಡಿಗೆ ಬೇಕು ಅಂತ ಚಿಕ್ಕಪ್ಪ ಆಯಿಯ ಹೆಬ್ಬೆಟ್ಟು ಹಾಕಿಸಿಕೊಂಡಿದ್ದರು. ಅದರಲ್ಲಿ ಏನು ಬರೆದಿತ್ತೋ ಗೊತ್ತಿಲ್ಲ. ಆಯಿಗೆ ಓದಲು ಬರುವುದಿಲ್ಲ.

ಹೊನ್ನಾವರದ ಅಕ್ಕ · ಸೋಮವಾರ ರಾತ್ರಿ

ತಂಗಿ, ಸಿಗುತ್ತಾರೆ. ನಾನು ಕಾನೂನು ಸೇವಾ ಸಮಿತಿಯಲ್ಲಿ ಅರೆಕಾಲಿಕ ಕಾನೂನು ಸ್ವಯಂಸೇವಕಿ. ಪ್ಯಾರಾ ಲೀಗಲ್ ವಾಲಂಟಿಯರ್ ಎನ್ನುತ್ತಾರಲ್ಲ, ಅದು. ವಕೀಲಳಲ್ಲ. ಜನರನ್ನು ಸಮಿತಿಯವರೆಗೆ ಕರೆದುಕೊಂಡು ಹೋಗುವುದು, ಅರ್ಜಿ ಬರೆದುಕೊಡುವುದು ನನ್ನ ಕೆಲಸ.

ಮೊದಲು ಒಂದು ಮಾತು. ಇದು ಯಾರೋ ಕರುಣೆಯಿಂದ ಕೊಡುವ ದಾನ ಅಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಬರೆದ ಹಕ್ಕು. ಅದರ 12ನೇ ಕಲಮಿನಲ್ಲಿ ಯಾರಿಗೆಲ್ಲ ಸಿಗುತ್ತದೆ ಅಂತ ಸ್ಪಷ್ಟವಾಗಿದೆ. ಎಲ್ಲ ಹೆಂಗಸರಿಗೂ ಸಿಗುತ್ತದೆ, ಆದಾಯ ಎಷ್ಟಿದ್ದರೂ. ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಬಂಧನದಲ್ಲಿರುವವರು, ನೆರೆ, ಭೂಕಂಪದಂಥ ದೊಡ್ಡ ಅನಾಹುತಕ್ಕೆ ಸಿಕ್ಕವರು, ಇವರಿಗೂ ಆದಾಯದ ಮಿತಿ ಇಲ್ಲ. ಉಳಿದವರಿಗೆ ಮಾತ್ರ ಆದಾಯ ನೋಡುತ್ತಾರೆ. ಹಾಗಾಗಿ ನೀವು, ನಿಮ್ಮ ಆಯಿ, ಇಬ್ಬರೂ ಅರ್ಹರು. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಓಡಾಡುವ ಅಗತ್ಯವೂ ಇಲ್ಲ.

ಎಲ್ಲಿ ಹೋಗಬೇಕು ಅಂದರೆ, ನಿಮ್ಮ ತಾಲೂಕಿನ ಕೋರ್ಟ್ ಆವರಣಕ್ಕೆ ಹೋಗಿ "ಕಾನೂನು ಸೇವಾ ಸಮಿತಿ" ಎಲ್ಲಿ ಅಂತ ಕೇಳಿ. ಜಿಲ್ಲಾ ಪ್ರಾಧಿಕಾರ ಕಾರವಾರದ ನ್ಯಾಯಾಲಯದಲ್ಲಿದೆ. ಆದರೆ ನೀವು ಅಷ್ಟು ದೂರ ಹೋಗಬೇಕಿಲ್ಲ. ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ಬರೆಯಲು ಬಾರದಿದ್ದರೆ ಬಾಯಲ್ಲಿ ಹೇಳಿದರೆ ಸಾಕು, ಅಲ್ಲಿಯವರು ಬರೆದುಕೊಳ್ಳುತ್ತಾರೆ. ಮೊದಲು ಫೋನಿನಲ್ಲಿ ಕೇಳಬೇಕು ಅನಿಸಿದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ.

ವಕೀಲರ ಫೀ, ಕೋರ್ಟ್ ಫೀ, ನೋಟಿಸ್ ಕಳಿಸುವ ಖರ್ಚು, ಟೈಪಿಂಗ್, ದೃಢೀಕೃತ ನಕಲು, ಎಲ್ಲ ಸಮಿತಿಯದೇ. ನೇಮಕವಾದ ವಕೀಲರು ನಿಮ್ಮಿಂದ ಒಂದು ರೂಪಾಯಿ ಕೇಳುವ ಹಾಗಿಲ್ಲ.

ಶಿರಸಿ ಪೇಟೆ · ಸೋಮವಾರ ರಾತ್ರಿ

ಅಕ್ಕ ಹೇಳಿದ್ದು ಸರಿ. ಆದರೆ ನನ್ನ ಅನುಭವವನ್ನೂ ಹೇಳಬೇಕು. ನನ್ನ ತಮ್ಮನ ಕೇಸಿಗೆ ಕೊಟ್ಟ ಉಚಿತ ವಕೀಲರು ಎರಡು ತಾರೀಖಿಗೆ ಬರಲೇ ಇಲ್ಲ. ತಮ್ಮ ಒಬ್ಬನೇ ನಿಂತುಕೊಂಡಿದ್ದ. ಜಡ್ಜ್ ಕೇಳಿದ ಪ್ರಶ್ನೆ ಅವನಿಗೆ ಅರ್ಥವೇ ಆಗಲಿಲ್ಲ. ದುಡ್ಡು ಕೊಡದಿದ್ದರೆ ಮುತುವರ್ಜಿ ಇರುವುದಿಲ್ಲ ಅಂತ ಜನ ಹೇಳುವುದು ಸುಮ್ನೆ ಅಲ್ಲ.

ಹಳೇ ಗುಮಾಸ್ತ · ಮಂಗಳವಾರ ಬೆಳಿಗ್ಗೆ

ನಾನು ಮೂವತ್ತು ವರ್ಷ ಕೋರ್ಟ್ ಕಚೇರಿಗಳಲ್ಲಿ ಗುಮಾಸ್ತನಾಗಿದ್ದವನು. ಈಗ ನಿವೃತ್ತಿ. ಶಿರಸಿಯವರ ಬೇಸರ ಅರ್ಥವಾಗುತ್ತದೆ. ಹಾಗೆ ಆಗುವುದುಂಟು. ಆದರೆ ಹಾಗಾದಾಗ ಏನು ಮಾಡಬೇಕು ಅಂತ ಜನರಿಗೆ ಯಾರೂ ಹೇಳುವುದಿಲ್ಲ. ನನಗೆ ಬೇಸರ ಇರುವುದು ಅಲ್ಲಿ.

ವಕೀಲರು ಬರದಿದ್ದರೆ ಸಮಿತಿಯ ಕಾರ್ಯದರ್ಶಿಗೆ ಒಂದು ಹಾಳೆಯಲ್ಲಿ ಬರೆದುಕೊಡಿ. "ಇಂಥ ದಿನ, ಇಂಥ ಕೇಸಿಗೆ ವಕೀಲರು ಹಾಜರಾಗಲಿಲ್ಲ, ಬೇರೆಯವರನ್ನು ನೇಮಿಸಿ" ಎಂದಷ್ಟೇ. ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಸಮಿತಿಯ ಮೇಲೆ ಕೂತಿರುವವರು ನ್ಯಾಯಾಧೀಶರೇ. ನೇಮಕವಾದ ವಕೀಲರು ಹೇಗೆ ಕೆಲಸ ಮಾಡುತ್ತಿದ್ದಾರೆ ಅಂತ ನೋಡುವುದು ಅವರ ಜವಾಬ್ದಾರಿ. ವಕೀಲರನ್ನು ಬದಲಿಸಿಕೊಡಿ ಎಂದು ಕೇಳುವುದು ತಪ್ಪಲ್ಲ. ಕೇಳಿದರೆ ಸಿಟ್ಟಾಗುತ್ತಾರೇನೋ ಅಂತ ಜನ ಸುಮ್ಮನಿರುತ್ತಾರೆ, ಅಷ್ಟರಲ್ಲಿ ಕೇಸು ವಜಾ ಆಗಿರುತ್ತದೆ.

ಇನ್ನೊಂದು. ಕೇಸು ದಾಖಲಾದ ದಿನವೇ ಸಿಎನ್‌ಆರ್ ನಂಬರ್, ಅಂದರೆ ಕೇಸಿನ ಗುರುತಿನ ಸಂಖ್ಯೆ, ಬರೆದಿಟ್ಟುಕೊಳ್ಳಿ. 16 ಅಕ್ಷರ, ಅಂಕಿ ಇರುತ್ತದೆ. ಇ-ಕೋರ್ಟ್ಸ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಮುಂದಿನ ತಾರೀಖು, ಹಿಂದಿನ ತಾರೀಖಿಗೆ ಏನಾಯಿತು, ಎಲ್ಲ ಕಾಣುತ್ತದೆ. ತಾರೀಖು ಗೊತ್ತಿಲ್ಲ ಅಂತ ಯಾರ ಹಿಂದೆಯೂ ಓಡಾಡುವ ಕೆಲಸ ಇಲ್ಲ.

ಈಗ ಗಜನಿ ಮಗಳ ವಿಷಯ. ನಿನ್ನ ಅಪ್ಪ ಅಜ್ಜನಿಗಿಂತ ಮೊದಲು ತೀರಿಕೊಂಡರು ಎಂದೆಯಲ್ಲ, ಅದರಿಂದ ಹಕ್ಕು ಹೋಗುವುದಿಲ್ಲ ಮಗಾ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಮೊದಲೇ ತೀರಿಹೋದ ಮಗನ ಹೆಂಡತಿ, ಮಕ್ಕಳು ಒಂದನೇ ದರ್ಜೆಯ ವಾರಸುದಾರರು. ಅಪ್ಪನಿಗೆ ಬರಬೇಕಾದ ಪಾಲು ನಿಮಗೆ ಬರುತ್ತದೆ. ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಯಾರೂ ಮಾಲೀಕರಾಗುವುದಿಲ್ಲ. ಅದು ಸದ್ಯಕ್ಕೆ ಸರಿ ಅಂತ ಇಟ್ಟುಕೊಳ್ಳುವ ದಾಖಲೆ, ಅಷ್ಟೇ. ತಪ್ಪು ಅಂತ ತೋರಿಸಿದರೆ ಬಿದ್ದುಹೋಗುತ್ತದೆ.

ಎರಡು ಪ್ರಶ್ನೆ. ಆ ಜಮೀನು ಅಜ್ಜನಿಗೆ ಹೇಗೆ ಬಂತು? ನಮ್ಮ ಕಡೆ ಬಹಳ ಜನರಿಗೆ ಗೇಣಿ ಜಮೀನು ಭೂಸುಧಾರಣೆ ಕಾಯ್ದೆಗೆ 1974ರ ತಿದ್ದುಪಡಿ ಆದ ಮೇಲೆ ಭೂನ್ಯಾಯ ಮಂಡಳಿಯಿಂದ ಬಂದದ್ದು. ಗೇಣಿದಾರರು ಹಕ್ಕು ಕೇಳುವ 7ನೇ ನಮೂನೆಯ ಅರ್ಜಿ ಕೊಟ್ಟಿದ್ದರೆ ಆ ಆದೇಶದ ನಕಲನ್ನು ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೇಳು. ಎರಡನೆಯದು, ಅಜ್ಜನಿಗೆ ಹೆಣ್ಣು ಮಕ್ಕಳು ಇರಲಿಲ್ವಾ?

ಗಜನಿ ಮಗಳು · ಮಂಗಳವಾರ ಮಧ್ಯಾಹ್ನ

ಇದ್ದಾರೆ ಅಜ್ಜಾ. ಒಬ್ಬರು ಅತ್ತೆ ಇದ್ದಾರೆ, ಅಂಕೋಲಾಕ್ಕೆ ಮದುವೆ ಮಾಡಿಕೊಟ್ಟಿದ್ದು. ನೀವು ಕೇಳುವವರೆಗೂ ಅವರ ನೆನಪೇ ನನಗೆ ಬರಲಿಲ್ಲ. ಗಂಡು ಮಕ್ಕಳು ಮೂವರು ಅಂತಲೇ ಬರೆದುಬಿಟ್ಟೆ. ವಂಶವೃಕ್ಷದಲ್ಲಿ ಅವರೂ ಇಲ್ಲ.

ಜಮೀನು ಗೇಣಿಯದ್ದೇ ಅಂತ ಆಯಿ ಹೇಳಿದಳು. ಅಜ್ಜ ಒಡೆಯರ ಮನೆಗೆ ಭತ್ತ ಅಳೆದುಕೊಡುತ್ತಿದ್ದರಂತೆ.

ಹಳೇ ಗುಮಾಸ್ತ · ಮಂಗಳವಾರ ಮಧ್ಯಾಹ್ನ

ಅತ್ತೆಯನ್ನು ಬಿಟ್ಟು ಹೆಜ್ಜೆ ಇಡಬೇಡ. ಪಾಲಿನ ದಾವೆಯಲ್ಲಿ ಎಲ್ಲ ವಾರಸುದಾರರೂ ಇರಲೇಬೇಕು. ಒಬ್ಬರನ್ನು ಬಿಟ್ಟರೆ ಎದುರಿನವರು ಅದನ್ನೇ ಹಿಡಿದುಕೊಳ್ಳುತ್ತಾರೆ. ಅತ್ತೆಗೂ ಸಮಪಾಲು ಇದೆ. ಅವರೂ ಹೆಂಗಸು, ಅವರಿಗೂ ಉಚಿತ ವಕೀಲರು ಸಿಗುತ್ತಾರೆ. ನಿಮ್ಮಿಬ್ಬರ ಹಿತವೂ ಒಂದೇ ಆಗಿರುವುದರಿಂದ ಒಟ್ಟಿಗೇ ಹೋಗಬಹುದು.

ಅಂಕೋಲಾ ಕಿರಿಯ ವಕೀಲೆ · ಮಂಗಳವಾರ ಸಂಜೆ

ಹೆಬ್ಬೆಟ್ಟಿನ ಬಗ್ಗೆ ಯಾರೂ ಉತ್ತರಿಸಿಲ್ಲ, ನಾನು ಹೇಳುತ್ತೇನೆ. ಸ್ಥಿರಾಸ್ತಿಯಲ್ಲಿ ಹಕ್ಕು ಬಿಟ್ಟುಕೊಡುವ ಪತ್ರ ನೋಂದಣಿ ಆಗಿರಬೇಕು. 1908ರ ನೋಂದಣಿ ಕಾಯ್ದೆ ಹಾಗೆ ಹೇಳುತ್ತದೆ. ಮನೆಯಲ್ಲಿ ಕೂತು ಬರೀ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದರಿಂದ ಪಾಲು ಹೋಗುವುದಿಲ್ಲ. ಆಯಿಯನ್ನು ಒಂದೇ ಪ್ರಶ್ನೆ ಕೇಳಿ. "ಆ ದಿನ ನಿನ್ನನ್ನು ಕಚೇರಿಗೆ ಕರೆದುಕೊಂಡು ಹೋಗಿದ್ದರಾ? ಅಲ್ಲಿ ಫೋಟೋ ತೆಗೆದಿದ್ದರಾ?" ಇಲ್ಲ ಎಂದರೆ ಅರ್ಧ ಭಯ ಬಿಡಿ. ಖಾತ್ರಿ ಮಾಡಿಕೊಳ್ಳಲು ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಆ ಸರ್ವೆ ನಂಬರಿನ ಇ.ಸಿ. ತೆಗೆಸಿ. ಋಣಭಾರ ಪತ್ರ ಅಂತಾರೆ. ನೋಂದಣಿಯಾದ ಪತ್ರ ಇದ್ದರೆ ಅದರಲ್ಲಿ ಬರುತ್ತದೆ.

ದಾರಿ ಎರಡಿದೆ. ಖಾತೆ ಬದಲಾವಣೆಯ ಆದೇಶದ ವಿರುದ್ಧ ಉಪವಿಭಾಗಾಧಿಕಾರಿಗೆ (ಎ.ಸಿ.) ಮೇಲ್ಮನವಿ ಹಾಕಬಹುದು. ನಮ್ಮ ಜಿಲ್ಲೆಯಲ್ಲಿ ಎ.ಸಿ. ಕಚೇರಿ ಕಾರವಾರ, ಕುಮಟಾ, ಭಟ್ಕಳ, ಶಿರಸಿ ನಾಲ್ಕು ಕಡೆ ಇದೆ. ಆದರೆ ಅಲ್ಲಿ ಪಹಣಿಯ ಹೆಸರು ಮಾತ್ರ ತೀರ್ಮಾನವಾಗುತ್ತದೆ. ಪಾಲು ಯಾರದು ಎಷ್ಟು ಅಂತ ಹೇಳುವುದು ಸಿವಿಲ್ ಕೋರ್ಟು. ಜಾಗ ಕೈಬಿಟ್ಟು ಹೋಗುವ ಭಯ ಇರುವುದರಿಂದ ಪಾಲಿನ ದಾವೆ ಹಾಕಿ, ಅದರ ಜೊತೆಗೇ ತಾತ್ಕಾಲಿಕ ತಡೆಯಾಜ್ಞೆ ಕೇಳುವುದು ಒಳ್ಳೆಯದು. ತಡ ಮಾಡಬೇಡಿ. ಮೂರನೆಯವರ ಹೆಸರಿಗೆ ಹೋದ ಮೇಲೆ ಬಿಡಿಸಿಕೊಳ್ಳುವುದು ಕಷ್ಟ ಜಾಸ್ತಿ.

ಶಿರಸಿಯವರಿಗೆ ಒಂದು ಮಾತು. ನಾನೂ ಸಮಿತಿಯ ಪಟ್ಟಿಯಲ್ಲಿರುವ ವಕೀಲೆ. ಸಮಿತಿ ಕೊಡುವ ಸಂಭಾವನೆ ಕಡಿಮೆ, ಬರುವುದೂ ತಡ. ಹಾಗಿದ್ದೂ ನನಗೆ ಬಂದ ಕೇಸನ್ನು ನಾನು ಬೇರೆ ಕೇಸಿನಷ್ಟೇ ಓದುತ್ತೇನೆ. ಹಾಗೆ ಮಾಡುವವರು ಬಹಳ ಜನ ಇದ್ದಾರೆ. ಮಾಡದವರೂ ಇದ್ದಾರೆ, ಅವರ ಬಗ್ಗೆ ದೂರು ಕೊಡಿ. ನೀವು ದೂರು ಕೊಟ್ಟರೆ ನಮ್ಮಂಥವರಿಗೆ ಬೇಸರ ಆಗುವುದಿಲ್ಲ.

ಬಂದರು ಓಣಿ · ಮಂಗಳವಾರ ರಾತ್ರಿ

ಕಾರವಾರದವಳು. ವಿಷಯ ಬೇರೆ, ಆದರೂ ಇಲ್ಲೇ ಕೇಳುತ್ತೇನೆ. ಜೂನ್, ಜುಲೈ ಮೀನುಗಾರಿಕೆ ಬಂದ್ ಇದ್ದಾಗ ದುಡಿಮೆ ಇರಲಿಲ್ಲ, ವಾರದ ಕಂತಿನ ಸಾಲ ಮಾಡಿದ್ದೆವು. ಈಗ ಎರಡು ಕಂತು ತಪ್ಪಿದೆ. ರಾತ್ರಿ ಒಂಬತ್ತಕ್ಕೆ ಬಂದು ಬಾಗಿಲಲ್ಲಿ ಕೂರುತ್ತಾರೆ. ಅಕ್ಕಪಕ್ಕದವರ ಎದುರು ಮಾತಾಡುತ್ತಾರೆ. ಮಗಳಿಗೆ ಎಸ್ಸೆಸ್ಸೆಲ್ಸಿ, ಅವಳು ಪುಸ್ತಕ ಹಿಡಿದು ಹಿಂದಿನ ಬಾಗಿಲಿಂದ ಪಕ್ಕದ ಮನೆಗೆ ಹೋಗುತ್ತಾಳೆ. ಇದಕ್ಕೆ ಏನಾದರೂ ಇದೆಯಾ?

ಅಂಕೋಲಾ ಕಿರಿಯ ವಕೀಲೆ · ಮಂಗಳವಾರ ರಾತ್ರಿ

ಇದೆ. ಮೊದಲು ಸಾಲ ಕೊಟ್ಟವರು ಯಾರು ಅಂತ ನೋಡಿ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿ ಆದ ಸಂಸ್ಥೆಯಾದರೆ ಅವರ ಮೇಲೆ ಆ ಬ್ಯಾಂಕಿನ ನಿಯಮ ಇದೆ. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಕರೆ ಮಾಡುವಂತಿಲ್ಲ. ಬೈಯುವುದು, ಹೆದರಿಸುವುದು, ಮನೆಯವರನ್ನು, ನೆಂಟರನ್ನು ಕಾಡುವುದು, ಯಾವುದೂ ಕೂಡದು. ಸಂಸ್ಥೆಯ ದೂರು ವಿಭಾಗಕ್ಕೆ ಬರೆಯಿರಿ, ಅಲ್ಲಿ ಆಗದಿದ್ದರೆ ರಿಸರ್ವ್ ಬ್ಯಾಂಕಿನ ದೂರು ಕೇಳುವ ಅಧಿಕಾರಿಯಾದ ಒಂಬುಡ್ಸ್‌ಮನ್‌ಗೆ.

ನೋಂದಣಿ ಇಲ್ಲದ ಬಡ್ಡಿ ವ್ಯವಹಾರದವರಾದರೆ 2025ರಲ್ಲಿ ರಾಜ್ಯವೇ ಕಿರು ಸಾಲದ ಬಲವಂತದ ವಸೂಲಿ ತಡೆಯುವ ಕಾಯ್ದೆ ತಂದಿದೆ. ಪೊಲೀಸರಿಗೆ ದೂರು ಕೊಡಬಹುದು. ರಾತ್ರಿ ಬಂದು ಬಾಗಿಲಲ್ಲಿ ಕೂತರೆ 112ಕ್ಕೆ ಕರೆ ಮಾಡಿ. ಸಾಲ ತೀರಿಸಬೇಕಾದ್ದು ನಿಜ. ಹಾಗಂತ ನಿಮ್ಮ ಮಗಳು ಹಿಂದಿನ ಬಾಗಿಲಿಂದ ಹೋಗಬೇಕಾಗಿಲ್ಲ. ಬಂದವರ ಹೆಸರು, ಗಂಟೆ, ದಿನ ಒಂದು ಪುಸ್ತಕದಲ್ಲಿ ಬರೆದಿಡಿ. ನೀವು ಕಾರವಾರದಲ್ಲೇ ಇದ್ದೀರಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ನಾಳೆಯೇ ಹೋಗಿ. ಸಂಸ್ಥೆಯವರನ್ನು ಕರೆಸಿ ಕಂತು ಮರುಹೊಂದಿಸುವ ಮಾತುಕತೆ ಅಲ್ಲಿ ಆಗಬಹುದು. ಕೇಸು ಹಾಕದೆಯೇ.

ಬೆಟ್ಟದ ಮನೆ · ಬುಧವಾರ ಬೆಳಿಗ್ಗೆ

ಸಿದ್ದಾಪುರದ ಕಡೆಯವನು. ನಮ್ಮ ಊರಿನ ಮಾತೂ ಇಲ್ಲಿ ಇರಲಿ. ಕಾಡಿನ ಜಾಗದಲ್ಲಿ ಬದುಕುವವರು ಹಾಕುವ ಅರಣ್ಯ ಹಕ್ಕು ಅರ್ಜಿ ತಿರಸ್ಕಾರ ಆಯಿತು ಅಂತ ಕಾಗದ ಬಂದರೆ ಜನ ಅಲ್ಲಿಗೇ ಕೈಚೆಲ್ಲುತ್ತಾರೆ. ನಮ್ಮ ಪಕ್ಕದ ಮನೆಯವರು ಆ ಕಾಗದವನ್ನು ದೇವರ ಫೋಟೋ ಹಿಂದೆ ಸಿಕ್ಕಿಸಿಟ್ಟಿದ್ದರು. ಮೇಲ್ಮನವಿಗೆ 60 ದಿನ ಇರುತ್ತದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಗ್ರಾಮಸಭೆಯ ತೀರ್ಮಾನ ಒಪ್ಪಿಗೆ ಇಲ್ಲದಿದ್ದರೆ ಉಪವಿಭಾಗ ಸಮಿತಿಗೆ, ಅದರ ತೀರ್ಮಾನವೂ ಒಪ್ಪಿಗೆ ಇಲ್ಲದಿದ್ದರೆ ಜಿಲ್ಲಾ ಸಮಿತಿಗೆ.

ಪರಿಶಿಷ್ಟ ಪಂಗಡ ಅಲ್ಲದವರಿಗೆ 75 ವರ್ಷದ ದಾಖಲೆ ಕೇಳುತ್ತಾರೆ. ಅಷ್ಟು ಹಳೆಯ ಕಾಗದ ಯಾರ ಮನೆಯಲ್ಲಿದೆ? ಮಳೆಗಾಲದಲ್ಲಿ ಗೆದ್ದಲು ಬಿಡುತ್ತದಾ? ಆದರೆ ಒಂದೇ ಬಗೆಯ ದಾಖಲೆಯೇ ಬೇಕು ಅಂತ ಹಟ ಹಿಡಿಯುವಂತಿಲ್ಲ ಎಂದು 2012ರ ತಿದ್ದುಪಡಿ ನಿಯಮದಲ್ಲೇ ಇದೆ. ಊರಿನ ಹಿರಿಯರ ಹೇಳಿಕೆಯನ್ನು ಬರೆದುಕೊಟ್ಟರೆ ಅದೂ ಸಾಕ್ಷಿ. ಹಳೆಯ ಬಾವಿ, ಮನೆಯ ತಳಪಾಯ, ಮಸಣದ ಗುರುತು, ಇವೂ ಸಾಕ್ಷಿ. ಅರ್ಜಿಯ ಪರಿಶೀಲನೆ ಪೂರ್ತಿ ಮುಗಿಯುವವರೆಗೆ ಒಕ್ಕಲೆಬ್ಬಿಸುವಂತಿಲ್ಲ ಅಂತ 2006ರ ಅರಣ್ಯ ಹಕ್ಕು ಕಾಯ್ದೆಯೇ ಹೇಳುತ್ತದೆ.

ಕಾನೂನು ಸೇವಾ ಸಮಿತಿಯವರು ಒಮ್ಮೆ ನಮ್ಮ ಪಂಚಾಯತಿಯಲ್ಲಿ ಶಿಬಿರ ಮಾಡಿದ್ದರು. ಅರ್ಧ ದಿನ. ಅಲ್ಲಿ ಹನ್ನೊಂದು ಜನರ ಮೇಲ್ಮನವಿ ಬರೆದುಕೊಟ್ಟರು. ಅಂಥ ಶಿಬಿರ ನಿಮ್ಮ ಊರಿನಲ್ಲೂ ಮಾಡಿ ಅಂತ ಪಂಚಾಯತಿಯಿಂದ ಪತ್ರ ಬರೆಸಬಹುದು. ನಾವು ಹಾಗೇ ಕರೆಸಿದ್ದು.

ದೇವಿಮನೆ ಘಟ್ಟ · ಬುಧವಾರ ಸಂಜೆ

ನಾನು ಇಲ್ಲಿ ಬರೆಯುವುದು ಇದೇ ಮೊದಲು. ಮೂರು ವರ್ಷದ ಹಿಂದೆ ಗಂಡನ ಮನೆಯಿಂದ ಹೊರಗೆ ಹಾಕಿದರು. ಆಗ ಮಗುವಿಗೆ ಹದಿನಾಲ್ಕು ತಿಂಗಳು. ಕೈಯಲ್ಲಿ ಒಂದು ಚೀಲ, ಅದರಲ್ಲಿ ಮಗುವಿನ ಲಸಿಕೆ ಕಾರ್ಡ್ ಮತ್ತು ಎರಡು ಜೊತೆ ಬಟ್ಟೆ.

ಅಂಗನವಾಡಿ ಅಕ್ಕ ನನ್ನನ್ನು ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಹತ್ತಿರ ಕರೆದುಕೊಂಡು ಹೋದರು. ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಅವರೇ ಸಂರಕ್ಷಣಾಧಿಕಾರಿ ಅಂತ ನನಗೆ ಗೊತ್ತೇ ಇರಲಿಲ್ಲ. ಅವರು ನನ್ನನ್ನು ಕೂರಿಸಿಕೊಂಡು ಆದದ್ದನ್ನೆಲ್ಲ ಬರೆದುಕೊಂಡರು. ಅದೇ ವರದಿ ಕೋರ್ಟಿಗೆ ಹೋಯಿತು. ವಕೀಲರನ್ನು ಸಮಿತಿ ಕೊಟ್ಟಿತು. ಮನೆ ಅತ್ತೆಯ ಹೆಸರಲ್ಲಿದೆ, ನಿನಗೆ ಹಕ್ಕಿಲ್ಲ ಅಂತ ಅವರ ಕಡೆಯವರು ವಾದಿಸಿದರು. ಗಂಡನ ಜೊತೆ ಸಂಸಾರ ಮಾಡಿದ ಮನೆ ಅತ್ತೆ ಮಾವನ ಹೆಸರಲ್ಲಿದ್ದರೂ ವಾಸದ ಹಕ್ಕು ಕೇಳಬಹುದು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ವಕೀಲರು ಅದನ್ನು ತೋರಿಸಿದರು.

60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆಯಲ್ಲಿದೆ. ನನ್ನದು ಹದಿನೈದು ತಿಂಗಳು ಹಿಡಿಯಿತು. ಆದರೆ ಮಧ್ಯಂತರ ಜೀವನಾಂಶ ಮೊದಲೇ ಸಿಕ್ಕಿತು, ಅದರಿಂದ ಮಗುವಿನ ಹಾಲು, ಔಷಧಿ ನಡೆಯಿತು. ಯಾರಾದರೂ ಅಂಥ ಸ್ಥಿತಿಯಲ್ಲಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಹಗಲು ರಾತ್ರಿ ಎತ್ತುತ್ತಾರೆ.

ಮಗಳೇ, ನಿನ್ನ ಆಯಿಗೆ ಹೇಳು. ನಾನೂ ಮೊದಲ ದಿನ ಕೋರ್ಟ್ ಗೇಟಿನ ಹೊರಗೆ ಅರ್ಧ ಗಂಟೆ ನಿಂತಿದ್ದೆ. ಒಳಗೆ ಹೋದರೆ ನನ್ನನ್ನೇ ತಪ್ಪಿತಸ್ಥೆ ಮಾಡುತ್ತಾರೇನೋ ಅನ್ನಿಸಿತ್ತು. ಹಾಗಾಗಲಿಲ್ಲ.

ಶಿರಸಿ ಪೇಟೆ · ಬುಧವಾರ ರಾತ್ರಿ

ಹಳೇ ಗುಮಾಸ್ತರು ಹೇಳಿದಂತೆ ಇವತ್ತು ತಮ್ಮನ ಕೈಲಿ ಬರೆದುಕೊಡಿಸಿದೆ. ಸೀಲು ಹಾಕಿಕೊಟ್ಟರು. ನೋಡೋಣ.

ಇನ್ನೊಂದು ಕೇಳಬೇಕಿತ್ತು. ನಮ್ಮ ಓಣಿಯ ಅಜ್ಜ ಒಬ್ಬರು ಮನೆಯನ್ನು ಮಗನಿಗೆ ದಾನಪತ್ರ ಮಾಡಿಕೊಟ್ಟರು. ಈಗ ಮಗ ಊಟಕ್ಕೂ ಹಾಕುತ್ತಿಲ್ಲ. ಅವರಿಗೂ ಈ ಸಮಿತಿಯೇ?

ಹಳೇ ಗುಮಾಸ್ತ · ಬುಧವಾರ ರಾತ್ರಿ

ಅವರು ನೇರವಾಗಿ ಎ.ಸಿ. ಕಚೇರಿಗೆ ಹೋಗಲಿ. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಅಲ್ಲೇ ನ್ಯಾಯಮಂಡಳಿ. ಬಿಳಿ ಹಾಳೆಯಲ್ಲಿ ಬರೆದುಕೊಟ್ಟರೆ ಸಾಕು. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಕೊಟ್ಟ ದಾನವಾದರೆ 23ನೇ ಕಲಮಿನಲ್ಲಿ ಪತ್ರ ರದ್ದು ಮಾಡಿಸಲೂ ಬರುತ್ತದೆ. ಹಾಗಾಗಿ ದಾನಪತ್ರದ ನಕಲು ತೆಗೆದುಕೊಂಡು ಹೋಗಲಿ, ಅದರಲ್ಲಿ ಏನು ಬರೆದಿದೆ ಎಂಬುದು ಬಹಳ ಮುಖ್ಯ. ಹಿರಿಯರ ಸಹಾಯವಾಣಿ 14567. ಬರೆಯಲು, ಓದಿಸಲು ಜನ ಬೇಕಾದರೆ ಸಮಿತಿಯ ಸ್ವಯಂಸೇವಕರನ್ನು ಕೇಳಿ.

ಗಜನಿ ಮಗಳು · ಎರಡು ವಾರದ ನಂತರ, ಗುರುವಾರ

ಏನಾಯಿತು ಅಂತ ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಅಂಕೋಲಾಕ್ಕೆ ಹೋದೆ. ಅತ್ತೆ ನನ್ನನ್ನು ನೋಡಿ ಅತ್ತರು. ಅಣ್ಣಂದಿರ ಜೊತೆ ಜಗಳ ಬೇಡ ಅಂತ ಇಷ್ಟು ವರ್ಷ ಸುಮ್ಮನಿದ್ದರಂತೆ. ವಂಶವೃಕ್ಷದ ಪ್ರತಿ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ನಾನೂ ಇಲ್ವಲ್ಲೇ" ಎಂದರು. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಒಳಗೆ ಹೋಗಿ ಹಳೆಯ ಕಬ್ಬಿಣದ ಪೆಟ್ಟಿಗೆ ತಂದರು. ಅದರಲ್ಲಿ ಅಜ್ಜನ ಭೂನ್ಯಾಯ ಮಂಡಳಿ ಆದೇಶದ ಪ್ರತಿ ಇತ್ತು. ಮಡಚಿದ ಕಡೆಯೆಲ್ಲ ಹರಿದಿದೆ, ಆದರೆ ಸರ್ವೆ ನಂಬರ್ ಓದಲು ಬರುತ್ತದೆ. ಅಜ್ಜ ಮಗಳ ಹತ್ತಿರ ಜೋಪಾನ ಮಾಡಲು ಕೊಟ್ಟಿದ್ದರಂತೆ.

ಸೋಮವಾರ ಅಂಗಡಿಗೆ ರಜೆ ಹಾಕಿ ಮೂವರೂ ಕೋರ್ಟಿಗೆ ಹೋದೆವು. ಸಮಿತಿಯ ಕೋಣೆ ಸಣ್ಣದು. ಒಂದು ಮೇಜು, ನಾಲ್ಕು ಕುರ್ಚಿ, ಗೋಡೆಯ ಮೇಲೆ 15100 ಅಂತ ದೊಡ್ಡದಾಗಿ ಬರೆದ ಪೋಸ್ಟರ್. ಅಲ್ಲಿದ್ದವರು ಆಯಿಗೆ "ಕೂತ್ಕೊಳ್ಳಿ ಅಮ್ಮ" ಎಂದರು. ಆಯಿ ಕೂರಲಿಲ್ಲ. ಎರಡನೇ ಸಲ ಹೇಳಿದ ಮೇಲೆ ಕುರ್ಚಿಯ ತುದಿಯಲ್ಲಿ ಕೂತಳು. ಆಯಿ ಹೇಳುತ್ತಾ ಹೋದಳು, ಅವರು ಬರೆಯುತ್ತಾ ಹೋದರು. ಬರೆದು ಮುಗಿದ ಮೇಲೆ ಪೂರ್ತಿ ಓದಿ ಹೇಳಿದರು. ಅಪ್ಪನ ಹೆಸರು, ಅಜ್ಜನ ಹೆಸರು, ಅತ್ತೆಯ ಹೆಸರು ಎಲ್ಲ ಅದರಲ್ಲಿತ್ತು. ತನ್ನ ಮಾತನ್ನು ಯಾರೋ ಹೀಗೆ ಬರೆದು ತನಗೇ ಓದಿ ಹೇಳಿದ್ದು ಆಯಿಗೆ ಮೊದಲ ಸಲ. ಹೆಬ್ಬೆಟ್ಟು ಒತ್ತುವಾಗ ಅವಳ ಕೈ ನಡುಗಿತು. ಹಿಂದಿನ ಹೆಬ್ಬೆಟ್ಟು ನೆನಪಾಗಿರಬೇಕು.

ಎಷ್ಟು ಕೊಡಬೇಕು ಅಂತ ಆಯಿ ಮೂರು ಸಲ ಕೇಳಿದಳು. ಮೂರು ಸಲವೂ ಏನೂ ಕೊಡಬೇಕಿಲ್ಲ ಎಂದರು.

ನಾಲ್ಕು ದಿನಕ್ಕೆ ವಕೀಲರ ನೇಮಕ ಆಯಿತು. ಇ.ಸಿ. ತೆಗೆಸಿದೆವು. ಆಯಿಯ ಹೆಸರಿನ ಯಾವ ಪತ್ರವೂ ನೋಂದಣಿ ಆಗಿಲ್ಲ. ಜಾಗ ಮಾರಾಟವೂ ಆಗಿಲ್ಲ. ಮೊದಲು ಮಾತುಕತೆ ಮಾಡಿ ನೋಡೋಣ ಅಂತ ಸಮಿತಿಯಿಂದ ದೊಡ್ಡಪ್ಪ, ಚಿಕ್ಕಪ್ಪ ಇಬ್ಬರಿಗೂ ನೋಟಿಸ್ ಹೋಯಿತು. ದೊಡ್ಡಪ್ಪ ಬಂದರು, ಚಿಕ್ಕಪ್ಪ ಬರಲಿಲ್ಲ. ದೊಡ್ಡಪ್ಪ ಹೊರಗೆ ಜಗಲಿಯಲ್ಲಿ ನನ್ನ ಹತ್ತಿರ "ಒಂದು ಲಕ್ಷ ಕೊಡುತ್ತೇವೆ, ಇಲ್ಲಿಗೇ ಬಿಡಿ" ಎಂದರು. ಏನು ಹೇಳಬೇಕು ಅಂತ ತೋಚಲಿಲ್ಲ. ಮನೆಗೆ ಬಂದೆವು. ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಂಡರೆ ಬೇಗ ಮುಗಿಯುತ್ತದೆ ಅಂತ ಕೆಲವರು ಹೇಳುತ್ತಿದ್ದಾರೆ.

ಅಂಕೋಲಾ ಕಿರಿಯ ವಕೀಲೆ · ಗುರುವಾರ ರಾತ್ರಿ

ಅವಸರ ಮಾಡಬೇಡಿ. ಲೋಕ ಅದಾಲತ್ ಒಳ್ಳೆಯ ವ್ಯವಸ್ಥೆಯೇ. ಖರ್ಚಿಲ್ಲ, ಕಟ್ಟಿದ ಕೋರ್ಟ್ ಫೀ ವಾಪಸ್ ಬರುತ್ತದೆ, ಆದ ರಾಜಿಗೆ ಕೋರ್ಟ್ ಡಿಕ್ರಿಯಷ್ಟೇ ಬೆಲೆ ಇದೆ. ಆದರೆ ಅದರ ಮೇಲೆ ಮೇಲ್ಮನವಿ ಇಲ್ಲ. ಸಹಿ ಹಾಕಿದರೆ ಮುಗಿಯಿತು. ಒಪ್ಪಿಗೆ ಇಲ್ಲದಿದ್ದರೆ ಯಾರೂ ಬಲವಂತ ಮಾಡುವಂತಿಲ್ಲ, ಕೇಸು ಮತ್ತೆ ಕೋರ್ಟಿಗೇ ಬರುತ್ತದೆ.

ಆ ಜಾಗದ ಈಗಿನ ಬೆಲೆ ಎಷ್ಟು ಅಂತ ಮೊದಲು ತಿಳಿದುಕೊಳ್ಳಿ. ನಾಲ್ಕು ವಾರಸುದಾರರ ಪೈಕಿ ನಿಮ್ಮದು ಒಂದು ಶಾಖೆ. ನೀವು, ಆಯಿ ಸೇರಿ ನಾಲ್ಕರಲ್ಲಿ ಒಂದು ಪಾಲು, ಅತ್ತೆಗೆ ಒಂದು ಪಾಲು ಅಂತ ಕೇಳಬಹುದು. ಜಾಗ ಅಜ್ಜನಿಗೆ ಬಂದ ಬಗೆ ನೋಡಿ ನಿಮ್ಮ ವಕೀಲರು ಲೆಕ್ಕ ಸರಿಯಾಗಿ ಹೇಳುತ್ತಾರೆ. ಜಗಲಿಯಲ್ಲಿ ಹೇಳಿದ ಮಾತಿಗೆ ಜಗಲಿಯಲ್ಲೇ ಉತ್ತರ ಕೊಡಬೇಡಿ. "ವಕೀಲರ ಎದುರು ಹೇಳಿ ದೊಡ್ಡಪ್ಪ" ಎಂದರೆ ಸಾಕು.

ಬಂದರು ಓಣಿ · ಶುಕ್ರವಾರ

ನಾನು ಕಾರವಾರದ ಕಚೇರಿಗೆ ಹೋಗಿ ಬಂದೆ. ಬರೆದಿಟ್ಟ ಪುಸ್ತಕ ತೋರಿಸಿದೆ. ಸಾಲದವರನ್ನು ಮುಂದಿನ ವಾರ ಕರೆಸುತ್ತಾರಂತೆ. ಐದು ದಿನದಿಂದ ರಾತ್ರಿ ಯಾರೂ ಬಂದಿಲ್ಲ. ಮಗಳು ಮನೆಯಲ್ಲೇ ಕೂತು ಓದುತ್ತಿದ್ದಾಳೆ.

ಗಜನಿ ಮಗಳು · ಮರುವಾರ, ಮಂಗಳವಾರ

ದಾವೆ ಹಾಕಿ ಆಯಿತು. ತಡೆಯಾಜ್ಞೆಯ ಅರ್ಜಿಯೂ ಅದರ ಜೊತೆಗೇ ಇದೆ. ಸಿಎನ್‌ಆರ್ ನಂಬರ್ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದೇನೆ, ಫೋನಿನಲ್ಲೂ ಇದೆ. ದೊಡ್ಡಪ್ಪ ಒಮ್ಮೆ ಫೋನ್ ಮಾಡಿದ್ದರು. ವಕೀಲರ ಎದುರು ಮಾತಾಡೋಣ ಎಂದೆ. ಆಗಲಿ ಎಂದರು.

22ಕ್ಕೆ ತಾರೀಖು. ಅತ್ತೆ ಹಿಂದಿನ ದಿನವೇ ಬಂದು ನಮ್ಮ ಮನೆಯಲ್ಲಿ ಉಳಿಯುತ್ತಾರೆ. ಅಪ್ಪ ಹೋದ ಮೇಲೆ ಅವರು ನಮ್ಮಲ್ಲಿ ರಾತ್ರಿ ಉಳಿಯುತ್ತಿರುವುದು ಇದೇ ಮೊದಲು. ಆ ದಿನ ಏನೇನು ತಗೊಂಡು ಹೋಗಬೇಕು? ಆಯಿ ಕೇಳುತ್ತಿದ್ದಾಳೆ.

ಹೊನ್ನಾವರದ ಅಕ್ಕ · ಮಂಗಳವಾರ ರಾತ್ರಿ

ಆಧಾರ್, ರೇಷನ್ ಕಾರ್ಡ್, ಅಪ್ಪನ ಮತ್ತು ಅಜ್ಜನ ಮರಣ ಪತ್ರ, ಮಂಡಳಿ ಆದೇಶ. ಅಜ್ಜನ ಆ ಮೂಲ ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ತನ್ನಿ, ಮತ್ತೆ ಮಡಚಬೇಡಿ. ವಕೀಲರಿಗೆ ಬಿಟ್ಟು ಬೇರೆ ಯಾರ ಕೈಗೂ ಮೂಲ ಪ್ರತಿ ಕೊಡಬೇಡಿ, ಜೆರಾಕ್ಸ್ ಎರಡು ಸೆಟ್ ಇರಲಿ. ನೀರಿನ ಬಾಟಲಿ, ಮಧ್ಯಾಹ್ನಕ್ಕೆ ಡಬ್ಬಿ ಇರಲಿ, ಕರೆಯುವುದು ಎಷ್ಟು ಹೊತ್ತಿಗೋ ಹೇಳಲಿಕ್ಕಾಗುವುದಿಲ್ಲ.

ಹತ್ತೂವರೆಗೆ ಬನ್ನಿ. 22ಕ್ಕೆ ನನಗೂ ಕುಮಟಾದಲ್ಲಿ ಕೆಲಸ ಇದೆ, ಗೇಟಿನ ಹತ್ತಿರ ಕಾಯುತ್ತಿರುತ್ತೇನೆ. ಹಸಿರು ಸೀರೆ ಉಟ್ಟಿರುತ್ತೇನೆ, ಆಯಿಗೆ ಹೇಳಿ.